ಒಳಚರಂಡಿಗೆ ಹರಿಯುವ ಕೈಗಾರಿಕಾ ನೀರು: ನಿಯಮ ಒಂದಿರಲಿ, ಹೊಣೆ ಸ್ಪಷ್ಟವಿರಲಿ

ಬೆಂಗಳೂರಿನ ಉತ್ತರ ಭಾಗದ ಮನೆ, ಮಳಿಗೆ ಹಾಗೂ ಕಾರ್ಖಾನೆಗಳಿಂದ ಹೊರಬೀಳುವ ಕೊಳಚೆ ನೀರು ನಗರದ ಗಡಿ ದಾಟಿದ ಬಳಿಕ ಏನಾಗುತ್ತದೆ ಎಂಬುದು ಬಹುಕಾಲ ಯಾರ ಚಿಂತೆಗೂ ವಿಷಯವಾಗಿರಲಿಲ್ಲ. ಇಂದು ಪರಿಸ್ಥಿತಿ ಹಾಗಿಲ್ಲ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯನ್ವಯ ಈ ಭಾಗದ ಸಂಸ್ಕರಣಾ ಘಟಕಗಳಿಂದ ದಿನಕ್ಕೆ 21 ಕೋಟಿ ಲೀಟರ್‌ವರೆಗೆ ನೀರನ್ನು ಮೇಲೆತ್ತಿ ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಮತ್ತು ಬೆಂಗಳೂರು ನಗರ ಜಿಲ್ಲೆಗಳ 65 ಕೆರೆಗಳಿಗೆ ತುಂಬಿಸಲು ಯೋಜಿಸಲಾಗಿದೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆ ಈ ನೀರನ್ನು ಕಂಡ ಕೆರೆಗಳಲ್ಲೊಂದು. ಕೆರೆಯಿಂದ ನೀರು ನೆಲಕ್ಕಿಳಿಯುತ್ತದೆ. ನೆಲದಿಂದ ಕೊಳವೆಬಾವಿಗೆ, ಕೊಳವೆಬಾವಿಯಿಂದ ರೈತನ ತೋಟಕ್ಕೆ ಮತ್ತು ಹಳ್ಳಿಯ ಕೊಡಕ್ಕೆ ಬರುತ್ತದೆ. ಹೀಗಾಗಿ ಯಲಹಂಕದ ಅಥವಾ ಹೆಬ್ಬಾಳದ ಒಂದು ಕಾರ್ಖಾನೆ ತನ್ನ ಹಿತ್ತಲಿನ ಒಳಚರಂಡಿ ಗುಂಡಿಗೆ ಏನನ್ನು ಬಿಡುತ್ತದೆ ಎಂಬ ಪ್ರಶ್ನೆ ಆ ಕಾರ್ಖಾನೆಯ ಖಾಸಗಿ ವಿಷಯವಾಗಿ ಉಳಿದಿಲ್ಲ.

ನಗರದ ಭೂಗುಣವೇ ಈ ಪ್ರಶ್ನೆಯನ್ನು ಇನ್ನಷ್ಟು ಗಂಭೀರಗೊಳಿಸಿದೆ. ಬೆಂಗಳೂರು ದಿಣ್ಣೆಯ ಮೇಲೆ ನಿಂತಿರುವ ಊರು. ಹೆಬ್ಬಾಳ ಕಣಿವೆಯ ನೀರು ಜಕ್ಕೂರು, ರಾಚೇನಹಳ್ಳಿ, ಎಲೆ ಮಲ್ಲಪ್ಪ ಶೆಟ್ಟಿ ಕೆರೆಗಳಂತಹ ಕೆರೆಗಳ ಸಾಲಿನ ಮೂಲಕ ದಕ್ಷಿಣ ಪಿನಾಕಿನಿಯತ್ತ ಸಾಗಿದರೆ, ದಿಣ್ಣೆಯ ಪಶ್ಚಿಮ ಇಳಿಜಾರಿನ ನೀರು ವೃಷಭಾವತಿಯ ಮೂಲಕ ಅರ್ಕಾವತಿಯನ್ನೂ, ಅಲ್ಲಿಂದ ಕಾವೇರಿಯನ್ನೂ ಸೇರುತ್ತದೆ. ವೃಷಭಾವತಿಯ ನೀರನ್ನು ನೀರಾವರಿಗೆ ಬಳಸುತ್ತಿದ್ದ ಬೈರಮಂಗಲ ಕೆರೆಯ ಅಚ್ಚುಕಟ್ಟಿನ ರೈತರು ಪಟ್ಟ ಪಾಡು ನಾಡಿಗೆಲ್ಲ ತಿಳಿದಿದೆ. ಪಶ್ಚಿಮದ ಆ ಕಥೆ ಉತ್ತರದಲ್ಲಿಯೂ ಮರುಕಳಿಸಬಾರದೆಂದರೆ, ಒಳಚರಂಡಿಗೆ ಕೈಗಾರಿಕಾ ನೀರನ್ನು ಬಿಡುವ ಕುರಿತು ಸ್ಪಷ್ಟವೂ ನ್ಯಾಯಯುತವೂ ಆದ ಒಂದೇ ನಿಯಮ ಬೇಕು. ಅಂತಹ ನಿಯಮವನ್ನು ವಿರೋಧಿಸುವುದಕ್ಕಿಂತ ತಾನೇ ಮುಂದೆ ನಿಂತು ಕೇಳಿ ಪಡೆಯುವುದು ಉದ್ಯಮ ವಲಯಕ್ಕೆ ಹಿತಕರ.

ಈಗಿರುವ ಕಾನೂನು

ಕಾನೂನು ಇಲ್ಲವೆಂದು ಹೇಳುವಂತಿಲ್ಲ. 1974ರ ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮದ 25ನೆಯ ಪ್ರಕರಣವು ಹೊಳೆ, ಬಾವಿ ಹಾಗೂ ಭೂಮಿಯ ಜೊತೆಗೆ ಒಳಚರಂಡಿಯನ್ನೂ ಹೆಸರಿಸಿ, ಮಂಡಳಿಯ ಪೂರ್ವ ಸಮ್ಮತಿಯಿಲ್ಲದೆ ಕೈಗಾರಿಕಾ ತ್ಯಾಜ್ಯ ನೀರನ್ನು ಬಿಡಕೂಡದೆಂದು ವಿಧಿಸುತ್ತದೆ. 1988ರಲ್ಲಿ ಸೇರಿಸಲಾದ 33ಎ ಪ್ರಕರಣವು ಘಟಕವನ್ನು ಮುಚ್ಚಿಸುವ, ವಿದ್ಯುತ್ ಮತ್ತು ನೀರಿನ ಪೂರೈಕೆಯನ್ನು ಕಡಿತಗೊಳಿಸುವ ಅಧಿಕಾರವನ್ನು ಮಂಡಳಿಗೆ ನೀಡಿದೆ. ಒಳಚರಂಡಿಯ ಕೊಳವೆ ಜಾಲವಾದರೋ 1964ರಲ್ಲಿ ಸ್ಥಾಪಿತವಾದ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಸೊತ್ತು. ಉದ್ಯಮ ಪರವಾನಗಿ ಹಾಗೂ ಮಳೆನೀರು ಕಾಲುವೆಗಳು ನಗರಾಡಳಿತದ ವ್ಯಾಪ್ತಿಗೆ ಬರುತ್ತವೆ.

ತೊಡಕು ಇರುವುದು ಈ ಹಂಚಿಕೆಯಲ್ಲಿಯೇ. ಸಮ್ಮತಿಪತ್ರ ಕೊಡುವುದು ಮಾಲಿನ್ಯ ನಿಯಂತ್ರಣ ಮಂಡಳಿ; ಕೊಳವೆಯ ಒಡೆತನ ಮತ್ತು ಅದರ ಕೊನೆಯಲ್ಲಿರುವ ಸಂಸ್ಕರಣಾ ಘಟಕದ ನಿರ್ವಹಣೆ ಜಲಮಂಡಳಿಯದು; ಕೊಳವೆ ಉಕ್ಕಿ ರಾಜಕಾಲುವೆಗೆ ಹರಿದರೆ ಜನರು ದೂರುವುದು ಪಾಲಿಕೆಯನ್ನು. 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಹಾಗೂ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ. ಕಣಿವೆಯೂ ಕೊಳವೆಯೂ ಪಾಲಿಕೆಗಳ ಗಡಿಯನ್ನು ಅನುಸರಿಸಿ ಹರಿಯುವುದಿಲ್ಲ. ಹೊಸ ವ್ಯವಸ್ಥೆಯಲ್ಲಿ ಹೊಣೆ ಇನ್ನಷ್ಟು ಹಂಚಿಹೋಗುವ ಅಪಾಯವಿದೆ. ಸರಿಯಾಗಿ ರೂಪಿಸಿಕೊಂಡರೆ ಹಳೆಯ ಗೊಂದಲವನ್ನು ಸರಿಪಡಿಸಿಕೊಳ್ಳುವ ಅವಕಾಶವೂ ಇದೆ.

ಇನ್ನು ಮಾನದಂಡಗಳ ವಿಚಾರ. 1986ರ ಪರಿಸರ (ಸಂರಕ್ಷಣೆ) ನಿಯಮಗಳ ಆರನೆಯ ಅನುಸೂಚಿಯು ನೀರನ್ನು ಹೊಳೆಗೆ ಬಿಡುವುದಕ್ಕೆ ಒಂದು ಮಿತಿಯನ್ನೂ, ಸಾರ್ವಜನಿಕ ಒಳಚರಂಡಿಗೆ ಬಿಡುವುದಕ್ಕೆ ಮತ್ತೊಂದು ಮಿತಿಯನ್ನೂ ನಿಗದಿಪಡಿಸಿದೆ. ಸಾವಯವ ಕೊಳೆಯ ಅಳತೆಯಾದ ಬಿಒಡಿ ಹೊಳೆಗೆ ಲೀಟರ್‌ಗೆ 30 ಮಿಲಿಗ್ರಾಂ ಮೀರುವಂತಿಲ್ಲ. ಒಳಚರಂಡಿಗಾದರೆ 350 ಮಿಲಿಗ್ರಾಂವರೆಗೆ ಅವಕಾಶವಿದೆ. ತೇಲುವ ಕಣಗಳಿಗೆ ಕ್ರಮವಾಗಿ 100 ಮತ್ತು 600, ಎಣ್ಣೆ ಹಾಗೂ ಜಿಡ್ಡಿಗೆ 10 ಮತ್ತು 20 ಮಿಲಿಗ್ರಾಂ ಮಿತಿಯಿದೆ. ಒಳಚರಂಡಿಗೆ ಕೊಟ್ಟಿರುವ ಈ ರಿಯಾಯಿತಿಗೆ ಒಂದು ಷರತ್ತನ್ನೂ ಅನುಸೂಚಿ ಹಾಕಿದೆ. ಕೊಳವೆಯ ಕೊನೆಯಲ್ಲಿ ಜೈವಿಕ ವಿಧಾನವನ್ನೊಳಗೊಂಡ ದ್ವಿತೀಯ ಹಂತದ ಸಂಸ್ಕರಣೆ ಇರಬೇಕು. ಇಲ್ಲವಾದರೆ ಆ ನೀರನ್ನು ಹೊಳೆಗೇ ಬಿಟ್ಟಂತೆ ಪರಿಗಣಿಸಲಾಗುವುದು. ಬಹುಮಂದಿ ಉದ್ಯಮಿಗಳ ಗಮನಕ್ಕೆ ಬಾರದಿರುವ ಷರತ್ತು ಇದು. ಕೊಳವೆ ಸಂಸ್ಕರಣಾ ಘಟಕವನ್ನು ತಲುಪದೆ ನಡುವೆಯೇ ಒಡೆದು ಕಾಲುವೆ ಸೇರುವ ಬಡಾವಣೆಯಲ್ಲಿ ರಿಯಾಯಿತಿಯ ಆಧಾರವೇ ಕುಸಿಯುತ್ತದೆ.

ಜೀವಾಣುಗಳು ಲೋಹವನ್ನು ಜೀರ್ಣಿಸಿಕೊಳ್ಳಲಾರವು

ಸಂಸ್ಕರಣಾ ಘಟಕವೆಂದರೆ ಯಾವ ಕೊಳೆಯನ್ನು ಹಾಕಿದರೂ ಶುದ್ಧ ನೀರನ್ನು ಕೊಡುವ ಯಂತ್ರವೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಅಲ್ಲಿ ಕೆಲಸ ಮಾಡುವುದು ಕಣ್ಣಿಗೆ ಕಾಣದ ಜೀವಾಣುಗಳು. ಅವು ಮನೆಬಳಕೆಯ ಕೊಳೆಯನ್ನು, ಆಹಾರ ತಯಾರಿಕಾ ಘಟಕದ ಕೊಳೆಯನ್ನು ತಿಂದು ಜೀರ್ಣಿಸಿಕೊಳ್ಳುತ್ತವೆ. ಕ್ರೋಮಿಯಂ, ನಿಕ್ಕಲ್, ತಾಮ್ರ, ಸೀಸಗಳನ್ನು ಜೀರ್ಣಿಸಿಕೊಳ್ಳುವ ಶಕ್ತಿ ಅವುಗಳಿಗಿಲ್ಲ. ಲೋಹದ ಒಂದು ಭಾಗ ಕೆಸರಿನಲ್ಲಿ ಕೂಡಿಕೊಳ್ಳುತ್ತದೆ, ಉಳಿದದ್ದು ನೀರಿನೊಂದಿಗೆ ಮುಂದೆ ಹೋಗುತ್ತದೆ. ಗೊಬ್ಬರವಾಗಬಹುದಾಗಿದ್ದ ಕೆಸರು ಹೊಲಕ್ಕೆ ಹಾಕಲಾರದ ವಸ್ತುವಾಗುತ್ತದೆ. ಲೋಹದ ಪ್ರಮಾಣ ಒಮ್ಮೆಗೇ ಏರಿದರೆ ಜೀವಾಣುಗಳೇ ಸಾಯುತ್ತವೆ, ಆಗ ಮನೆಗಳ ಕೊಳಚೆಯೂ ಸಂಸ್ಕರಣೆಗೊಳ್ಳದೆ ಹೊರಹೋಗುತ್ತದೆ. ಒಂದೇ ರಾತ್ರಿಯ ಒಂದು ಟ್ಯಾಂಕಿನಷ್ಟು ವಿಷದ ದ್ರಾವಣ ಹಲವು ದಿನಗಳ ಕೆಲಸವನ್ನು ಕೆಡಿಸಬಲ್ಲದು.

ಮಾನದಂಡಗಳನ್ನು ರೂಪಿಸಿದವರಿಗೆ ಇದು ತಿಳಿಯದ ಸಂಗತಿಯಲ್ಲ. ತಾಮ್ರಕ್ಕೆ ಹೊಳೆಯಲ್ಲಾಗಲಿ ಒಳಚರಂಡಿಯಲ್ಲಾಗಲಿ ಲೀಟರ್‌ಗೆ 3 ಮಿಲಿಗ್ರಾಂ ಮಿತಿ, ನಿಕ್ಕಲ್‌ಗೂ ಹಾಗೆಯೇ, ಒಟ್ಟು ಕ್ರೋಮಿಯಂಗೆ ಎರಡೂ ಕಡೆ 2 ಮಿಲಿಗ್ರಾಂ. ಆದರೆ ಹೆಚ್ಚು ವಿಷಕಾರಿಯಾದ ಷಟ್‌ವೇಲೆನ್ಸಿಯ ಕ್ರೋಮಿಯಂಗೆ ಹೊಳೆಯಲ್ಲಿ 0.1 ಮಿಲಿಗ್ರಾಂ ಇದ್ದರೆ ಒಳಚರಂಡಿಯಲ್ಲಿ 2 ಮಿಲಿಗ್ರಾಂ, ಅಂದರೆ ಇಪ್ಪತ್ತು ಪಟ್ಟು ಸಡಿಲಿಕೆ ಇದೆ. ಸೀಸ ಮತ್ತು ಸಯನೈಡ್‌ಗಳಿಗೆ ಹತ್ತು ಪಟ್ಟು ಸಡಿಲಿಕೆ ಇದೆ. ದೊಡ್ಡ ಪ್ರಮಾಣದ ಮನೆಬಳಕೆಯ ನೀರಿನಲ್ಲಿ ಇವು ತೆಳುವಾಗಿ ಹೋಗುತ್ತವೆ ಎಂಬ ನಂಬಿಕೆಯನ್ನು ಈ ಸಡಿಲಿಕೆ ಆಧರಿಸಿದಂತಿದೆ. ಕೊಳವೆಯ ನೀರು ಸಮುದ್ರಕ್ಕೆ ಹೋಗುವ ಊರಿನಲ್ಲಿ ಆ ನಂಬಿಕೆ ಸಾಕಾಗಬಹುದು. ಅದೇ ನೀರು ಕೆರೆಯಲ್ಲಿ ನಿಂತು, ಇಂಗಿ, ವರ್ಷವರ್ಷವೂ ಅದೇ ಮಣ್ಣಿಗೆ ಬೀಳುವ ಒಳನಾಡಿನಲ್ಲಿ ಅದನ್ನು ಮರುಪರಿಶೀಲಿಸಲೇಬೇಕು.

ಪೀಣ್ಯದ ಅನುಭವ ಕಣ್ಣೆದುರಿಗೇ ಇದೆ. 1970ರ ದಶಕದಲ್ಲಿ ರೂಪುಗೊಂಡು ಸಾವಿರಾರು ಸಣ್ಣ ಘಟಕಗಳಿಗೆ ನೆಲೆಯಾದ ಈ ಪ್ರದೇಶವು ರಾಜ್ಯದ ಕೈಗಾರಿಕಾ ಪ್ರಗತಿಗೆ ಕೊಟ್ಟ ಕೊಡುಗೆ ಅಪಾರ. ಯಂತ್ರಭಾಗ, ಉಪಕರಣ, ವಾಹನೋದ್ಯಮ ಎಲ್ಲಕ್ಕೂ ಲೇಪನ ಕಾರ್ಯ ಬೇಕು; ಲೇಪನಕ್ಕೆ ಕ್ರೋಮಿಯಂ, ನಿಕ್ಕಲ್, ಸಯನೈಡ್ ಬೇಕು. ಅದರ ಪರಿಣಾಮವಾಗಿ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಸರಕಾರಿ ಸಂಸ್ಥೆಗಳ ಪರೀಕ್ಷೆಗಳಲ್ಲಿಯೇ ಕಂಡುಬಂದಿದೆ. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನಡೆಸಿದ ದೇಶವ್ಯಾಪಿ ಮೌಲ್ಯಮಾಪನದಲ್ಲಿ ಪೀಣ್ಯವು ತೀವ್ರ ಮಾಲಿನ್ಯದ ಪ್ರದೇಶಗಳ ಸಾಲಿಗೆ ಸೇರಿತು. ಒಮ್ಮೆ ನೆಲದಡಿಗೆ ಇಳಿದ ಕ್ರೋಮಿಯಂ ಅನ್ನು ಹೊರತೆಗೆಯುವ ವೆಚ್ಚದ ಮುಂದೆ, ಅದನ್ನು ಕಾರ್ಖಾನೆಯ ಒಳಗೇ ತಡೆಯುವ ವೆಚ್ಚ ಬಹಳ ಕಡಿಮೆ.

ಗುಂಡಿಗೆ ಇಳಿಯುವವರ ಪ್ರಾಣ

ನೀರಿನ ಜೊತೆಗೆ ಮನುಷ್ಯರ ಪ್ರಾಣವೂ ಈ ಪ್ರಶ್ನೆಯಲ್ಲಿ ಅಡಗಿದೆ. ಆಮ್ಲಯುಕ್ತ ನೀರು ಕಾಂಕ್ರೀಟ್ ಕೊಳವೆಯನ್ನು ತಿನ್ನುತ್ತದೆ. ಅದಕ್ಕಿಂತ ಭಯಾನಕವಾದದ್ದು, ಒಂದು ಘಟಕದ ಆಮ್ಲವು ಮತ್ತೊಂದು ಘಟಕದ ಸಯನೈಡ್ ನೀರಿನೊಂದಿಗೆ ಕೊಳವೆಯೊಳಗೆ ಬೆರೆತಾಗ ಹುಟ್ಟುವ ಹೈಡ್ರೋಜನ್ ಸಯನೈಡ್ ಅನಿಲ. ಕೊಳೆತ ಕೆಸರಿನ ಸಲ್ಫೈಡ್‌ಗೆ ಆಮ್ಲ ತಗುಲಿದರೆ ಹೈಡ್ರೋಜನ್ ಸಲ್ಫೈಡ್ ಹೊರಬೀಳುತ್ತದೆ. ಎರಡು ಕಾರ್ಖಾನೆಗಳೂ ತಂತಮ್ಮ ಮಟ್ಟಿಗೆ ತಪ್ಪಿಲ್ಲವೆಂದು ಭಾವಿಸಿರಬಹುದು. ಕೊಳವೆಯಲ್ಲಿ ಅವುಗಳ ನೀರು ಒಂದಾಗುವುದನ್ನು ಎರಡೂ ಕಾಣವು.

ಮಲಗುಂಡಿ ಮತ್ತು ಒಳಚರಂಡಿಗೆ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಅಧಿನಿಯಮ ನಿಷೇಧಿಸಿದೆ. ಅಂತಹ ಸಾವುಗಳಿಗೆ 10 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು 2014ರಲ್ಲಿ ಆದೇಶಿಸಿದ್ದ ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರ್‌ನಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ನಿಷೇಧವಿದ್ದರೂ ಸಾವುಗಳು ಪೂರ್ಣವಾಗಿ ನಿಂತಿಲ್ಲ. ಕಟ್ಟಿಕೊಂಡ ಕೊಳವೆಯನ್ನು ಬಿಡಿಸಲು ಬರುವ ಕಾರ್ಮಿಕನಿಗೆ ಮೇಲ್ಭಾಗದ ಕಾರ್ಖಾನೆಯಿಂದ ಆ ದಿನ ಏನು ಹರಿದುಬಂದಿದೆ ಎಂಬುದನ್ನು ತಿಳಿಯುವ ದಾರಿಯೇ ಇಲ್ಲ. ಒಳಚರಂಡಿ ನಿಯಮವನ್ನು ಕೇವಲ ಪರಿಸರದ ವಿಷಯವೆಂದು ಬದಿಗಿಡುವವರು ಈ ಅಂಶವನ್ನು ಗಮನಿಸಬೇಕು.

ಪ್ರಾಮಾಣಿಕ ಉದ್ಯಮಿಗೆ ಆಗುತ್ತಿರುವ ಅನ್ಯಾಯ

ಉದ್ಯಮ ವಲಯದ ದೃಷ್ಟಿಯಿಂದ ಅತ್ಯಂತ ಮುಖ್ಯವಾದದ್ದು ಸ್ಪರ್ಧೆಯಲ್ಲಿನ ಸಮಾನತೆ. ಉದಾಹರಣೆಗೆ, ದಿನಕ್ಕೆ 5,000 ಲೀಟರ್ ತೊಳೆನೀರು ಬಿಡುವ ಒಂದು ಲೇಪನ ಘಟಕವನ್ನು ಪರಿಗಣಿಸಬಹುದು. ಅದು ಲೀಟರ್‌ಗೆ 2 ಮಿಲಿಗ್ರಾಂ ಮಿತಿಯನ್ನು ಪಾಲಿಸಿದರೆ ದಿನವೊಂದಕ್ಕೆ ಒಳಚರಂಡಿ ಸೇರುವ ಕ್ರೋಮಿಯಂ 10 ಗ್ರಾಂ. ಅದರ ನೆರೆಯ ಘಟಕ ಅಷ್ಟೇ ನೀರನ್ನು ಸಂಸ್ಕರಿಸದೆ, ಲೀಟರ್‌ಗೆ 100 ಮಿಲಿಗ್ರಾಂ ಕ್ರೋಮಿಯಂ ಇರುವಂತೆಯೇ ಬಿಟ್ಟರೆ ಸೇರುವುದು 500 ಗ್ರಾಂ. ಒಬ್ಬನ ಉಲ್ಲಂಘನೆ ಐವತ್ತು ಪ್ರಾಮಾಣಿಕರ ಶ್ರಮವನ್ನು ಸರಿಗಟ್ಟುತ್ತದೆ. ಇತ್ತ ರಾಸಾಯನಿಕ, ವಿದ್ಯುತ್, ಕೆಸರಿನ ವಿಲೇವಾರಿ ಮತ್ತು ಒಬ್ಬ ನಿರ್ವಾಹಕನ ಸಂಬಳವನ್ನು ಭರಿಸುವ ಮೊದಲನೆಯವನು ಬೆಲೆಯ ಪೈಪೋಟಿಯಲ್ಲಿ ಎರಡನೆಯವನಿಗೆ ಸೋಲುತ್ತಾನೆ. ಗುತ್ತಿಗೆ ಕೊಡುವ ದೊಡ್ಡ ಕಂಪನಿ ದರಪಟ್ಟಿಯನ್ನಷ್ಟೇ ನೋಡುತ್ತದೆ. ಹೀಗೆ ಸಡಿಲ ಮೇಲ್ವಿಚಾರಣೆ ಎಂಬುದು ಉದ್ಯಮಕ್ಕೆ ಕೊಟ್ಟ ರಿಯಾಯಿತಿಯಾಗದೆ, ಕಾನೂನು ಪಾಲಿಸುವವನ ಮೇಲೆ ಹೇರಿದ ತೆರಿಗೆಯಾಗಿ ಪರಿಣಮಿಸಿದೆ.

ಲೀಟರ್‌ಗೆ ಇಷ್ಟು ಮಿಲಿಗ್ರಾಂ ಎಂಬ ಮಿತಿಯೊಂದನ್ನೇ ನೆಚ್ಚಿಕೊಂಡರೆ ಇನ್ನೊಂದು ದೋಷವೂ ಇದೆ. ಕೊಳವೆಬಾವಿಯ ಒಳ್ಳೆಯ ನೀರನ್ನು ಬೆರೆಸಿ ತ್ಯಾಜ್ಯ ನೀರನ್ನು ತೆಳುಗೊಳಿಸಿದರೆ ಕಾಗದದ ಮೇಲೆ ನಿಯಮ ಪಾಲನೆಯಾಗುತ್ತದೆ. ಹೊರಹೋದ ಲೋಹದ ತೂಕ ಒಂದು ಗ್ರಾಂ ಕೂಡ ಕಡಿಮೆಯಾಗಿರುವುದಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರು ಅನುಭವಿಸಿದ ನೀರಿನ ಬರವನ್ನು ನೆನೆದರೆ, ಕುಡಿಯಲು ಯೋಗ್ಯವಾದ ನೀರನ್ನು ಕೊಳೆಯನ್ನು ತೆಳುಗೊಳಿಸಲು ಬಳಸುವುದು ಎರಡು ಪಟ್ಟು ತಪ್ಪು. ಆದುದರಿಂದ ಸಾಂದ್ರತೆಯ ಜೊತೆಗೆ ದಿನವೊಂದಕ್ಕೆ ಬಿಡಬಹುದಾದ ಒಟ್ಟು ತೂಕಕ್ಕೂ ಮಿತಿ ಇರಬೇಕು.

ಸಂಸ್ಕರಿಸಿದ ನೀರಿನ ಗಿರಾಕಿಯೂ ಉದ್ಯಮವೇ

ಒಳಚರಂಡಿಯ ಶುದ್ಧತೆಯಲ್ಲಿ ಉದ್ಯಮಕ್ಕೆ ನೇರ ಲಾಭವೂ ಇದೆ. ಯಲಹಂಕದಲ್ಲಿ ಜಲಮಂಡಳಿಯು ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದ ತೃತೀಯ ಹಂತದ ಸಂಸ್ಕರಣಾ ಘಟಕವನ್ನು ಸ್ಥಾಪಿಸಿ, ರೈಲು ಗಾಲಿ ಕಾರ್ಖಾನೆ ಹಾಗೂ ದೇವನಹಳ್ಳಿಯ ವಿಮಾನ ನಿಲ್ದಾಣದಂತಹ ದೊಡ್ಡ ಬಳಕೆದಾರರಿಗೆ ಸಂಸ್ಕರಿಸಿದ ನೀರನ್ನು ಒದಗಿಸುವ ವ್ಯವಸ್ಥೆಯನ್ನು ರೂಪಿಸಿತು. ಕಾವೇರಿಯ ನೀರನ್ನು ನೂರು ಕಿಲೋಮೀಟರ್ ದೂರದಿಂದ ಮೇಲೆತ್ತಿ ತರುವ ನಗರದಲ್ಲಿ ತಂಪುಕಾರಕ ಗೋಪುರ, ಬಾಯ್ಲರ್, ತೋಟಗಾರಿಕೆ, ಕಟ್ಟಡ ನಿರ್ಮಾಣಗಳಿಗೆ ಇಂತಹ ನೀರೇ ಮುಂದಿನ ಆಧಾರ. ಒಳಚರಂಡಿಗೆ ಬಿಟ್ಟ ಲವಣ ಮತ್ತು ಲೋಹವು ಸಂಸ್ಕರಿತ ನೀರಿನಲ್ಲಿ ಉಳಿದುಕೊಂಡರೆ ಅದನ್ನು ಕೊಂಡುಕೊಳ್ಳುವ ಕಾರ್ಖಾನೆಯ ಬಾಯ್ಲರ್‌ನಲ್ಲಿಯೇ ಗಾರು ಕಟ್ಟುತ್ತದೆ. ಬಿಡುವವನೂ ಕೊಳ್ಳುವವನೂ ಒಂದೇ ಸಮುದಾಯಕ್ಕೆ ಸೇರಿರುವಾಗ, ಕೊಳವೆಯನ್ನು ಶುದ್ಧವಾಗಿಟ್ಟುಕೊಳ್ಳುವುದು ವ್ಯವಹಾರ ಜಾಣ್ಮೆಯೂ ಹೌದು.

ಕೋಲಾರದ ಅನುಭವವೂ ಇಲ್ಲಿ ಪಾಠವಾಗಬೇಕು. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ನೀರು ತಲುಪಿದ ಕೆಲವೇ ವಾರಗಳಲ್ಲಿ, 2018ರ ಜುಲೈನಲ್ಲಿ, ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿಕೊಂಡಿತು. ವಿಷಯ ಉಚ್ಚ ನ್ಯಾಯಾಲಯಕ್ಕೂ, ಬಳಿಕ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಿ, ನೀರು ಹರಿಸುವುದಕ್ಕೆ ತಡೆಯಾಜ್ಞೆಗಳು ಬಂದವು. ಯೋಜನೆ ಅನಂತರ ಮುಂದುವರಿಯಿತಾದರೂ, ನೀರನ್ನು ಪಡೆಯುವ ಜಿಲ್ಲೆಗಳ ಜನರಲ್ಲಿ ಮೂಡಿದ ಸಂಶಯ ಸುಲಭವಾಗಿ ಅಳಿಯುವಂಥದಲ್ಲ. ಹೆಬ್ಬಾಳ ಕಣಿವೆಯ ನೀರಿನಲ್ಲಿ ಒಮ್ಮೆ ಲೋಹ ಪತ್ತೆಯಾಗಿ ಇಡೀ ಯೋಜನೆ ನಿಂತುಹೋದರೆ, ಬೆರಳು ಮೊದಲು ತೋರುವುದು ಕಾರ್ಖಾನೆಗಳತ್ತಲೇ.

ಅನ್ಯ ದೇಶಗಳ ಅನುಭವ

ಕೊಳವೆಯ ಒಡೆಯನೇ ಅದರೊಳಗೆ ಬರುವ ನೀರಿನ ಕಾವಲುಗಾರನಾಗಬೇಕೆಂಬ ತತ್ವವನ್ನು ಅನೇಕ ದೇಶಗಳು ಕಷ್ಟದಿಂದ ಕಲಿತಿವೆ. ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ 1977ರಲ್ಲಿ ಯಾರೋ ಒಳಚರಂಡಿಗೆ ಸುರಿದ ಕ್ಲೋರಿನ್‌ಯುಕ್ತ ವಿಷ ರಾಸಾಯನಿಕದಿಂದ ಮುಖ್ಯ ಸಂಸ್ಕರಣಾ ಘಟಕವನ್ನೇ ತಿಂಗಳುಗಟ್ಟಲೆ ಮುಚ್ಚಬೇಕಾಯಿತು. ಆ ಅವಧಿಯಲ್ಲಿ ಊರಿನ ಕೊಳಚೆ ನೇರವಾಗಿ ಓಹಾಯೊ ನದಿಗೆ ಹರಿಯಿತು. ಅದೇ ನಗರದಲ್ಲಿ 1981ರ ಫೆಬ್ರವರಿ 13ರಂದು ಸೋಯಾ ಎಣ್ಣೆ ಕಾರ್ಖಾನೆಯೊಂದರಿಂದ ಸೋರಿದ ಹೆಕ್ಸೇನ್ ಆವಿ ಹೊತ್ತಿಕೊಂಡು ಎರಡು ಮೈಲಿಗೂ ಹೆಚ್ಚು ಉದ್ದದ ರಸ್ತೆ ಸಿಡಿದುಹೋಯಿತು. ಮೆಕ್ಸಿಕೋದ ಗ್ವಾದಲಹಾರಾದಲ್ಲಿ 1992ರ ಏಪ್ರಿಲ್ 22ರಂದು ಒಳಚರಂಡಿಗೆ ಸೋರಿದ ಪೆಟ್ರೋಲ್ ಸ್ಫೋಟಗೊಂಡು ಇನ್ನೂರಕ್ಕೂ ಹೆಚ್ಚು ಮಂದಿ ಮೃತಪಟ್ಟರು.

ಅಮೆರಿಕದ ನಿಯಮದಂತೆ ದಿನಕ್ಕೆ ಸುಮಾರು 1.9 ಕೋಟಿ ಲೀಟರ್ ಮೀರಿದ ಸಾಮರ್ಥ್ಯವುಳ್ಳ, ಕೈಗಾರಿಕಾ ನೀರನ್ನು ಸ್ವೀಕರಿಸುವ ಸಾರ್ವಜನಿಕ ಸಂಸ್ಕರಣಾ ಸಂಸ್ಥೆಯು ತನ್ನ ಕೊಳವೆಗೆ ಸೇರಿದ ಕಾರ್ಖಾನೆಗಳಿಗೆ ತಾನೇ ಪರವಾನಗಿ ಕೊಟ್ಟು, ತಾನೇ ಪರೀಕ್ಷಿಸಿ, ತಾನೇ ದಂಡ ವಿಧಿಸಬೇಕು. ಇಂಗ್ಲೆಂಡಿನಲ್ಲಿ 1937ರ ಕಾನೂನು ಸಮ್ಮತಿಗೆ ಒಳಪಟ್ಟು ಕಾರ್ಖಾನೆಯ ನೀರನ್ನು ಸಾರ್ವಜನಿಕ ಒಳಚರಂಡಿಗೆ ಬಿಡುವ ಹಕ್ಕನ್ನು ಉದ್ಯಮಿಗೆ ಕೊಟ್ಟಿತು. ಅಲ್ಲಿ ಬಳಕೆಯಲ್ಲಿರುವ ಮಾಗ್ಡನ್ ಸೂತ್ರವು ನೀರಿನ ಪ್ರಮಾಣ ಮತ್ತು ಕೊಳೆಯ ತೀವ್ರತೆ ಎರಡನ್ನೂ ಲೆಕ್ಕ ಹಾಕಿ ಶುಲ್ಕ ನಿಗದಿಪಡಿಸುತ್ತದೆ. ಹಕ್ಕು, ಮಿತಿ, ಬೆಲೆ ಮೂರೂ ಒಂದೇ ದಾಖಲೆಯಲ್ಲಿ ಇರುವುದರಿಂದ ಉದ್ಯಮಿಗೆ ತನ್ನ ವೆಚ್ಚವನ್ನು ಮೊದಲೇ ಲೆಕ್ಕ ಹಾಕಿಕೊಳ್ಳುವುದು ಸಾಧ್ಯವಾಗುತ್ತದೆ.

ನೆರೆರಾಜ್ಯದ ತಿರುಪ್ಪೂರು ಎಚ್ಚರಿಕೆಯ ಉದಾಹರಣೆ. ಅಲ್ಲಿನ ಬಣ್ಣಗಾರಿಕೆ ಘಟಕಗಳ ನೀರಿನಿಂದ ನೊಯ್ಯಲ್ ನದಿಯೂ, 1992ರಲ್ಲಿ ಪೂರ್ಣಗೊಂಡ ಒರತ್ತುಪಾಳಯಂ ಅಣೆಕಟ್ಟೂ ಕೆಟ್ಟವು. ಪರಿಹಾರ ಮುಂದೂಡಿಕೆಯಾಗುತ್ತಲೇ ಹೋಗಿ, 2011ರ ಜನವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಘಟಕಗಳನ್ನು ಮುಚ್ಚಿಸಲು ಆದೇಶಿಸಿತು. ನೂರಾರು ಘಟಕಗಳು ಒಮ್ಮೆಗೇ ನಿಂತವು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ, ಆ ಬಳಿಕ ಭಾರಿ ವೆಚ್ಚದಲ್ಲಿ ಶೂನ್ಯ ವಿಸರ್ಜನೆಯ ಸಾಮೂಹಿಕ ಘಟಕಗಳನ್ನು ನಡೆಸಬೇಕಾಯಿತು. ಹತ್ತು ವರ್ಷ ಮೊದಲೇ ಕ್ರಮಬದ್ಧವಾಗಿ ಮಾಡಿದ್ದರೆ ಅಷ್ಟು ನಷ್ಟ ಆಗುತ್ತಿರಲಿಲ್ಲ.

ಸಣ್ಣ ಘಟಕಗಳ ನಿಜವಾದ ಕಷ್ಟ

ಸಣ್ಣ ಉದ್ಯಮಿಗಳು ಎತ್ತುವ ಆಕ್ಷೇಪಗಳನ್ನು ನೆಪವೆಂದು ತಳ್ಳಿಹಾಕುವುದು ಸರಿಯಲ್ಲ. ನಗರದ ಒಳಚರಂಡಿಯಲ್ಲಿ ಹರಿಯುವ ನೀರಿನ ಬಹುಪಾಲು ಮನೆಗಳದು ಎಂಬುದು ಸತ್ಯ. ಸಾರ್ವಜನಿಕ ಸಂಸ್ಕರಣಾ ಘಟಕಗಳೇ ಸದಾ ಮಾನದಂಡ ಪಾಲಿಸುತ್ತವೆ ಎಂದು ಹೇಳಲಾಗದು ಎಂಬುದೂ ಸತ್ಯ. ಯಶವಂತಪುರದ ಕೈಗಾರಿಕಾ ಬಡಾವಣೆಯಲ್ಲಿ ಮೂವತ್ತು–ನಲವತ್ತು ಅಡಿಯ ಜಾಗದಲ್ಲಿ ನಾಲ್ಕು ತೊಟ್ಟಿ ಇಟ್ಟುಕೊಂಡು ಕೆಲಸ ಮಾಡುವವನಿಗೆ ಪ್ರತ್ಯೇಕ ಸಂಸ್ಕರಣಾ ಘಟಕಕ್ಕೆ ಜಾಗವೇ ಇರುವುದಿಲ್ಲ. ಆರ್.ಟಿ. ನಗರದ ವಾಹನ ದುರಸ್ತಿ ಅಂಗಡಿಗೆ ಬೇಕಾಗಿರುವುದು ಎಣ್ಣೆ ಬೇರ್ಪಡಿಸುವ ಒಂದು ತೊಟ್ಟಿಯೇ ಹೊರತು, ಔಷಧ ಕಾರ್ಖಾನೆಗೆ ಅನ್ವಯಿಸುವ ಷರತ್ತುಗಳ ಪಟ್ಟಿಯಲ್ಲ. ಒಂದೇ ವಿಷಯಕ್ಕೆ ಮೂರು ಕಚೇರಿಗಳ ಅಧಿಕಾರಿಗಳು ಬಂದುಹೋಗುವ ಕಿರುಕುಳವೂ ಕಲ್ಪಿತವಲ್ಲ.

ಆದರೆ ತಂತ್ರಜ್ಞಾನ ಕೈಗೆಟುಕದಂಥದೇನೂ ಅಲ್ಲ. ಲೇಪನ ಘಟಕದಲ್ಲಿ ಒಂದೇ ತೊಳೆ ತೊಟ್ಟಿಯ ಬದಲು ಎರಡು ಮೂರು ತೊಟ್ಟಿಗಳನ್ನು ಸಾಲಾಗಿಟ್ಟು, ಸಾಮಗ್ರಿ ಸಾಗುವ ದಿಕ್ಕಿಗೆ ಎದುರಾಗಿ ನೀರನ್ನು ಹರಿಸಿದರೆ ನೀರಿನ ಬಳಕೆ ಬಹಳವಾಗಿ ತಗ್ಗುತ್ತದೆ. ಸಾಮಗ್ರಿಯನ್ನು ತೊಟ್ಟಿಯ ಮೇಲೆಯೇ ಕೆಲವು ಕ್ಷಣ ಹೆಚ್ಚು ಹಿಡಿದು ತೊಟ್ಟಿಕ್ಕಲು ಬಿಟ್ಟರೆ ಬೆಲೆಬಾಳುವ ದ್ರಾವಣ ಮರಳಿ ಸಿಗುತ್ತದೆ. ಆಮ್ಲೀಯ ಸ್ಥಿತಿಯಲ್ಲಿ ಸೋಡಿಯಂ ಮೆಟಾಬೈಸಲ್ಫೈಟ್ ಬೆರೆಸಿ ಷಟ್‌ವೇಲೆನ್ಸಿಯ ಕ್ರೋಮಿಯಂ ಅನ್ನು ತ್ರಿವೇಲೆನ್ಸಿಯ ರೂಪಕ್ಕೆ ಇಳಿಸಿ, ಬಳಿಕ ಸುಣ್ಣ ಹಾಕಿ ತಳಕ್ಕೆ ಕೂರಿಸುವುದು ದಶಕಗಳಿಂದ ತಿಳಿದಿರುವ ವಿಧಾನ. ಉಳಿಯುವ ಕೆಸರು ಅಪಾಯಕಾರಿ ತ್ಯಾಜ್ಯವಾದ್ದರಿಂದ ಅದನ್ನು ಡಾಬಸ್‌ಪೇಟೆಯ ಅಧಿಕೃತ ವಿಲೇವಾರಿ ಕೇಂದ್ರದಂತಹ ಸ್ಥಳಕ್ಕೆ ಕಳುಹಿಸಬೇಕು. ಒಬ್ಬೊಬ್ಬರೇ ಇದನ್ನೆಲ್ಲ ಮಾಡುವುದು ದುಬಾರಿ. ಕೂಡಿ ಮಾಡಿದರೆ ಹೊರೆ ಹಗುರ. ಸಾಮೂಹಿಕ ಸಂಸ್ಕರಣಾ ಘಟಕಗಳಿಗೆ ಕೇಂದ್ರ 50, ರಾಜ್ಯ 25, ಉದ್ಯಮಿಗಳು 25 ಶೇಕಡಾ ಭರಿಸುವ ಮಾದರಿಯನ್ನು ಕೇಂದ್ರ ಪರಿಸರ ಸಚಿವಾಲಯವು 2012ರಲ್ಲಿ ರೂಪಿಸಿತ್ತು. ಅಂತಹ ನೆರವನ್ನು ಉತ್ತರ ಬೆಂಗಳೂರಿನ ಸಣ್ಣ ಘಟಕಗಳಿಗೆ ದೊರಕಿಸಿಕೊಡುವುದು ಸರಕಾರದ ಕರ್ತವ್ಯ.

ಸರ್ವೋಚ್ಚ ನ್ಯಾಯಾಲಯವು ಪರ್ಯಾವರಣ ಸುರಕ್ಷಾ ಸಮಿತಿ ಪ್ರಕರಣದಲ್ಲಿ 2017ರ ಫೆಬ್ರವರಿ 22ರಂದು ನೀಡಿದ ತೀರ್ಪು ಎರಡೂ ಕಡೆಯವರ ಹೊಣೆಯನ್ನು ವಿಧಿಸಿದೆ. ಪ್ರಾಥಮಿಕ ಸಂಸ್ಕರಣಾ ಘಟಕ ಕಾರ್ಯನಿರ್ವಹಿಸದ ಕೈಗಾರಿಕೆಗಳು ನಡೆಯುವಂತಿಲ್ಲ. ಸಾಮೂಹಿಕ ಘಟಕಗಳನ್ನೂ ಕೊಳಚೆ ಸಂಸ್ಕರಣಾ ಘಟಕಗಳನ್ನೂ ಮೂರು ವರ್ಷಗಳಲ್ಲಿ ಸ್ಥಾಪಿಸಬೇಕು. ಅವುಗಳ ನಿರ್ವಹಣೆಗೆ ಬೇಕಾದ ಹಣಕ್ಕಾಗಿ ಸ್ಥಳೀಯ ಸಂಸ್ಥೆಗಳು ಬಳಕೆದಾರರಿಂದ ಶುಲ್ಕ ಸಂಗ್ರಹಿಸುವ ನಿಯಮಗಳನ್ನು ರೂಪಿಸಬೇಕು. ನ್ಯಾಯಾಲಯ ಕೊಟ್ಟ ಗಡುವು ಎಂದೋ ಕಳೆದಿದೆ. ಉದ್ಯಮಿಗೆ ದಂಡ ವಿಧಿಸುವಾಗ ತೀರ್ಪಿನ ಮೊದಲ ಭಾಗವನ್ನಷ್ಟೇ ಉಲ್ಲೇಖಿಸಿ, ಸ್ಥಳೀಯ ಸಂಸ್ಥೆಗಳ ಹೊಣೆಯನ್ನು ಮರೆಯುವುದು ನ್ಯಾಯವಲ್ಲ.

ಆಗಬೇಕಾದ ಕಾರ್ಯ

ಈ ಹಿನ್ನೆಲೆಯಲ್ಲಿ ಕೆಲವು ಕ್ರಮಗಳು ತುರ್ತಾಗಿ ಆಗಬೇಕಾಗಿವೆ. ಮೊದಲನೆಯದಾಗಿ, ಒಳಚರಂಡಿಗೆ ಬಿಡುವ ನೀರಿನ ಮಟ್ಟಿಗೆ ಜಲಮಂಡಳಿ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಗಳು ಒಂದೇ ಅರ್ಜಿ, ಒಂದೇ ಸಮ್ಮತಿಪತ್ರ, ಒಂದೇ ತಪಾಸಣೆಯ ಪದ್ಧತಿಗೆ ಬರಬೇಕು. ಕಾನೂನಿನ ಅಧಿಕಾರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿಯೇ ಉಳಿಯಲಿ; ದಿನನಿತ್ಯದ ಪರೀಕ್ಷೆಯ ಹೊಣೆ ಕೊಳವೆಯ ಒಡೆತನವಿರುವ ಜಲಮಂಡಳಿಯ ಮೇಲಿರಲಿ. ಎರಡನೆಯದಾಗಿ, ಕೆಂಪು, ಕಿತ್ತಳೆ, ಹಸಿರು, ಬಿಳಿ ಮುಂತಾದ ಈಗಿನ ವರ್ಗೀಕರಣದ ಜೊತೆಗೆ ಒಳಚರಂಡಿಗೆ ಒಡ್ಡುವ ಅಪಾಯದ ದೃಷ್ಟಿಯಿಂದಲೂ ಘಟಕಗಳನ್ನು ವಿಂಗಡಿಸಬೇಕು. ಜಿಡ್ಡು ಬಿಡುವ ಉಪಾಹಾರ ಗೃಹ ಮತ್ತು ಸರ್ವಿಸ್ ಕೇಂದ್ರಕ್ಕೆ ಸರಳ ನಿಯಮವೂ, ಲೋಹ ಹಾಗೂ ಸಯನೈಡ್ ಬಳಸುವ ಘಟಕಕ್ಕೆ ಕಟ್ಟುನಿಟ್ಟಿನ ನಿಯಮವೂ ಇರಬೇಕು.

ಮೂರನೆಯದಾಗಿ, ಶುಲ್ಕವು ಬಿಟ್ಟ ನೀರಿನ ಪ್ರಮಾಣದ ಜೊತೆಗೆ ಕೊಳೆಯ ತೂಕವನ್ನೂ ಆಧರಿಸಬೇಕು. ಕೊಳೆ ತಗ್ಗಿಸಿದವನಿಗೆ ಆ ತಿಂಗಳ ಬಿಲ್ಲಿನಲ್ಲಿಯೇ ರಿಯಾಯಿತಿ ಕಾಣಬೇಕು. ಲೋಹಗಳಿಗೆ ಮಾತ್ರ ಶುಲ್ಕ ಕೊಟ್ಟು ಮಿತಿ ಮೀರುವ ಅವಕಾಶ ಇರಕೂಡದು. ನಾಲ್ಕನೆಯದಾಗಿ, ಪ್ರತಿ ಘಟಕದ ಗೇಟಿನ ಹೊರಗೆ ಮಾದರಿ ತೆಗೆಯುವ ಗುಂಡಿಯನ್ನು ನಿರ್ಮಿಸಬೇಕು. 1974ರ ಅಧಿನಿಯಮದ 21ನೆಯ ಪ್ರಕರಣವು ಸೂಚನೆ ನೀಡಿ, ಮಾದರಿಯನ್ನು ಎರಡು ಭಾಗ ಮಾಡಿ, ಮೊಹರು ಹಾಕುವ ಕ್ರಮವನ್ನು ವಿಧಿಸಿದೆ. ಆ ಕ್ರಮವನ್ನು ಅಧಿಕಾರಿಗಳು ಚಾಚೂತಪ್ಪದೆ ಪಾಲಿಸಿದರೆ ಉದ್ಯಮಿಗೆ ರಕ್ಷಣೆಯೂ ಇಲಾಖೆಗೆ ವಿಶ್ವಾಸಾರ್ಹತೆಯೂ ದೊರೆಯುತ್ತವೆ.

ಐದನೆಯದಾಗಿ, ಪ್ರತ್ಯೇಕ ಘಟಕಕ್ಕೆ ಜಾಗವಿಲ್ಲದವರ ನೀರನ್ನು ಟ್ಯಾಂಕರ್‌ಗಳಲ್ಲಿ ಸಂಗ್ರಹಿಸಿ ಸಾಮೂಹಿಕ ಘಟಕಕ್ಕೆ ತಲುಪಿಸುವ ವ್ಯವಸ್ಥೆ ಬೇಕು. ಪ್ರತಿ ಟ್ಯಾಂಕರ್‌ಗೂ ಹೊರಟ ಮತ್ತು ತಲುಪಿದ ದಾಖಲೆ ಇರಬೇಕು. ಇಲ್ಲದಿದ್ದರೆ ನೀರು ರಾತ್ರಿವೇಳೆ ಯಾವುದೋ ಗುಂಡಿಗೋ ರಾಜಕಾಲುವೆಗೋ ಬೀಳುವ ಸಂಭವವಿದೆ. ಕೊನೆಯದಾಗಿ, ಹೆಬ್ಬಾಳ ಕಣಿವೆಯ ಸಂಸ್ಕರಣಾ ಘಟಕಗಳಿಗೆ ಬರುವ ಮತ್ತು ಅಲ್ಲಿಂದ ಹೊರಹೋಗುವ ನೀರಿನಲ್ಲಿನ ಲೋಹದ ಪ್ರಮಾಣವನ್ನು ತಿಂಗಳಿಗೊಮ್ಮೆ ಸಾರ್ವಜನಿಕವಾಗಿ ಪ್ರಕಟಿಸಬೇಕು. ಆಗ ಕೈಗಾರಿಕೆಗಳ ಪಾಲೆಷ್ಟು, ಸಂಸ್ಕರಣೆಯ ಲೋಪವೆಷ್ಟು ಎಂಬುದು ಊಹೆಯ ವಿಷಯವಾಗಿ ಉಳಿಯುವುದಿಲ್ಲ.

ಇವೆಲ್ಲಕ್ಕೂ ಸಮಯ ಬೇಕು. ನಿಯಮ ಹೊರಬಿದ್ದ ಮರುದಿನವೇ ಬೀಗ ಹಾಕುವ ಆತುರದಿಂದ ಪ್ರಯೋಜನವಿಲ್ಲ; ಹಾಗೆಂದು ಗಡುವನ್ನು ವರ್ಷವರ್ಷವೂ ಮುಂದೂಡುವ ಹಳೆಯ ಚಾಳಿಗೂ ಕೊನೆ ಹಾಡಬೇಕು. ಲೋಹ ಬಳಸುವ ಘಟಕಗಳಿಗೆ ಒಂದು ವರ್ಷ, ಉಳಿದವರಿಗೆ ಎರಡು ವರ್ಷದ ಕಾಲಾವಕಾಶ ನ್ಯಾಯೋಚಿತವಾದೀತು. ಆ ಅವಧಿಯಲ್ಲಿ ಕೈಗಾರಿಕಾ ಸಂಘಗಳು ತಮ್ಮ ಸದಸ್ಯರ ನೀರನ್ನು ತಾವೇ ಪರೀಕ್ಷಿಸಿ, ಯಾರಿಗೆ ಯಾವ ನೆರವು ಬೇಕೆಂಬ ಪಟ್ಟಿಯನ್ನು ಸಿದ್ಧಪಡಿಸಬಹುದು. ಸರಕಾರದ ಮುಂದೆ ಬೇಡಿಕೆಯಿಡುವಾಗ ಅಂತಹ ಪಟ್ಟಿ ನೂರು ಮನವಿಪತ್ರಗಳಿಗಿಂತ ಹೆಚ್ಚು ತೂಕವುಳ್ಳದ್ದಾಗುತ್ತದೆ.

ನೀರನ್ನು ಒಮ್ಮೆ ಬಳಸಿ ಕಣ್ಮರೆ ಮಾಡುವ ಕಾಲ ಬೆಂಗಳೂರಿಗೆ ಮುಗಿದಿದೆ. ಹೆಬ್ಬಾಳದಿಂದ ಹೊರಟ ನೀರು ಚಿಕ್ಕಬಳ್ಳಾಪುರದ ಕೆರೆಗೆ ಬೀಳುತ್ತದೆ. ಆ ಜಿಲ್ಲೆಯ ತರಕಾರಿ, ದ್ರಾಕ್ಷಿ, ಹೂವು, ಹಾಲು ಮರಳಿ ಬೆಂಗಳೂರಿನ ಮಾರುಕಟ್ಟೆಗೇ ಬರುತ್ತವೆ. ಕಾರ್ಖಾನೆಯ ಮಾಲೀಕನ ಮನೆಯ ಊಟದ ತಟ್ಟೆಯೂ ಈ ಸುತ್ತಿನ ಹೊರಗಿಲ್ಲ.